ಸತ್ಯಾಂಶ: ಮ್ಯಾಪಿನ ಕೆಂಪು ಗೆರೆ ಗಾಡಿ ಎಣಿಸಿದ್ದಲ್ಲ

‘ಹಾಸನದ ಬಿ.ಎಂ. ರಸ್ತೆ ಗೂಗಲ್ ಮ್ಯಾಪಿನಲ್ಲಿ ಕೆಂಪಾದರೆ ಉಪಗ್ರಹ ಅಲ್ಲಿನ ಗಾಡಿಗಳನ್ನು ಎಣಿಸಿದೆ ಎಂದರ್ಥ’ ಎಂಬ ಫಾರ್ವರ್ಡ್ ಬಂದಿದೆಯೇ? ಹಾಸನಾಂಬೆ ದರ್ಶನಕ್ಕೆ ಹೊರಟವರೂ ಇದನ್ನು ನಂಬಿಬಿಡುತ್ತಾರೆ.

ಉಪಗ್ರಹ ಗಾಡಿ ಎಣಿಸುವುದಿಲ್ಲ. ಲೊಕೇಶನ್ ಆನ್ ಇರುವ ನಮ್ಮ ಮೊಬೈಲುಗಳು ಎಷ್ಟು ವೇಗವಾಗಿ ಸಾಗುತ್ತಿವೆ ಎಂಬುದೇ ಮುಖ್ಯ ಲೆಕ್ಕ. 2020ರಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ ಇದನ್ನೇ ತಮಾಷೆಯಾಗಿ ತೋರಿಸಿದ: ಪುಟ್ಟ ಕೈಗಾಡಿಯಲ್ಲಿ 99 ಫೋನು ತುಂಬಿಕೊಂಡು ನಿಧಾನಕ್ಕೆ ಎಳೆದ, ಖಾಲಿ ಬೀದಿ ಗೂಗಲ್ ಮ್ಯಾಪಿನಲ್ಲಿ ಕೆಂಪಾಯಿತು!

ವಿಳಂಬದ ಲೆಕ್ಕವೂ ಸಮಯದ್ದೇ. ರಸ್ತೆ ಖಾಲಿಯಿದ್ದಾಗ 4 ನಿಮಿಷದ ದಾರಿಗೆ ಸಂಜೆ 10 ನಿಮಿಷ ಹಿಡಿದರೆ ವಿಳಂಬ 6 ನಿಮಿಷ. ಗಾಡಿಗಳು ಸಾಲುಗಟ್ಟಿದ್ದರೂ ಸಲೀಸಾಗಿ ಹೋಗುತ್ತಿದ್ದರೆ ಗೆರೆ ಹಸಿರೇ. ತರಕಾರಿ ಆಟೊ ಒಂದು ಅಡ್ಡ ನಿಂತು ಹಿಂದಿನವರೆಲ್ಲ ತೆವಳತೊಡಗಿದರೆ ಕೆಂಪು.