ರಾತ್ರಿ 9ರ ಟಿವಿ ಸುದ್ದಿಯಲ್ಲಿ ಮಲೆನಾಡಿಗೆ ದಿನಾ ಅರ್ಧ ಗಂಟೆ ಬೇಕೇ?

ಪರ

ಲಿಂಗನಮಕ್ಕಿಯ ಲೆಕ್ಕವೂ ಹೇಳಲಿ

(ನಿವೃತ್ತ ಶಿಕ್ಷಕ, ಶಿವಮೊಗ್ಗ)

ಕೆಆರ್‌ಎಸ್ ತುಂಬಿದರೆ 124.80 ಅಡಿ. ಇದು ನಮ್ಮ ಕಡೆಯ ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಮಳೆಗಾಲ ಬಂತೆಂದರೆ ಕನ್ನಡದ ನ್ಯೂಸ್ ಚಾನೆಲ್‌ಗಳು ದಿನಾ ಅದನ್ನೇ ಹೇಳುತ್ತವೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ಸಮುದ್ರ ಮಟ್ಟದಿಂದ 1,819 ಅಡಿ. ಇದನ್ನು ಯಾರು ಹೇಳುತ್ತಾರೆ? ಕೆಆರ್‌ಎಸ್ ಹಿಡಿಯುವುದು ಸುಮಾರು 49 ಟಿಎಂಸಿ. ಲಿಂಗನಮಕ್ಕಿ 151 ಟಿಎಂಸಿ. ಮೂರು ಪಟ್ಟು. ಶರಾವತಿಯ ಕರೆಂಟು ಹುಟ್ಟುವುದು ಆ ನೀರಿನಿಂದ. ಆ ನೀರಿಗಾಗಿ ಊರು ಬಿಟ್ಟವರು ನಮ್ಮ ಜನ.

ಪರವಾಗಿ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ, ಬರೆಯುತ್ತಿದ್ದೇನೆ. ದಿನಾ ಅರ್ಧ ಗಂಟೆ ಜಾಸ್ತಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಹದಿನೈದು ನಿಮಿಷ ಕೊಟ್ಟರೂ ಸಾಕು. ಆದರೆ ಕೊಡದೇ ಇರುವುದಕ್ಕೆ ಒಂದು ಕಾರಣ ಹೇಳುತ್ತಾರಲ್ಲ, ಅದನ್ನು ಒಪ್ಪಲು ಆಗುವುದಿಲ್ಲ.

ಆ ಕಾರಣ ಟಿಆರ್‌ಪಿ, ಅಂದರೆ ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕ. ಜನ ನೋಡುವುದನ್ನೇ ಕೊಡುತ್ತೇವೆ, ಜನ ನೋಡುವುದು ರಾಜಕೀಯದ ಜಗಳ, ಸಿನಿಮಾದವರ ಜಗಳ, ಬೆಂಗಳೂರಿನ ಮಳೆ, ಅಷ್ಟೇ ಎನ್ನುತ್ತಾರೆ. ಸರಿ, ಒಂದು ವಿಷಯ ನೆನಪು ಮಾಡಿಕೊಳ್ಳೋಣ. 2020ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಟಿಆರ್‌ಪಿ ಹಗರಣದ ಕೇಸು ಬಂತು. ರೇಟಿಂಗ್ ಕೊಡುವ ಬಾರ್ಕ್ ಸಂಸ್ಥೆ ನ್ಯೂಸ್ ಚಾನೆಲ್‌ಗಳ ವಾರದ ಲೆಕ್ಕ ಕೊಡುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಹತ್ತಿರ ಹತ್ತಿರ ಒಂದೂವರೆ ವರ್ಷ ಪಟ್ಟಿಯೇ ಇರಲಿಲ್ಲ. ಯಾರು ಮೊದಲು, ಯಾರು ಕೊನೆ ಎಂಬ ಹೆದರಿಕೆ ಇರಲಿಲ್ಲ. ಆಗಲಾದರೂ ಒಂಬತ್ತು ಗಂಟೆಗೆ ಹೊಸನಗರ, ಸೊರಬ, ಕೊಪ್ಪ, ಶೃಂಗೇರಿ ಕಾಣಿಸಬೇಕಿತ್ತು ಅಲ್ವಾ? ನಾನು ದಿನಾ ನೋಡುವವನು. ನನಗೆ ಕಾಣಿಸಲಿಲ್ಲ. ಅದೇ ಸ್ಟುಡಿಯೋ, ಅದೇ ನಾಲ್ಕು ಕಿಟಕಿ, ಅದೇ ನಾಲ್ಕು ಮುಖ.

ಹಾಗಾದರೆ ಟಿಆರ್‌ಪಿ ಎನ್ನುವುದು ಪೂರ್ತಿ ಉತ್ತರವಲ್ಲ. ನಾಲ್ಕು ಜನರನ್ನು ಕೂರಿಸಿ ಮಾತಾಡಿಸುವುದು ಅಗ್ಗ. ಆಗುಂಬೆಗೆ ವ್ಯಾನ್ ಕಳಿಸುವುದು ದುಬಾರಿ. ಇದನ್ನೇ ನೇರವಾಗಿ ಹೇಳಲಿ. ಜನಕ್ಕೆ ಬೇಡ ಎಂದು ನಮ್ಮ ತಲೆಗೆ ಕಟ್ಟುವುದು ಬೇಡ.

ಕಾನೂನಿನಲ್ಲೂ ದಾರಿ ಇದೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ಮಾರ್ಗಸೂಚಿಯ ಪ್ರಕಾರ ಚಾನೆಲ್‌ಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಕೊಡಬೇಕು. ಕೃಷಿ, ಗ್ರಾಮೀಣಾಭಿವೃದ್ಧಿ, ಆರೋಗ್ಯ, ಪರಿಸರ ಎಲ್ಲ ಆ ಪಟ್ಟಿಯಲ್ಲಿ ಇವೆ. ಅಡಿಕೆಯ ಎಲೆಚುಕ್ಕಿ ರೋಗ ಕೃಷಿ. ಮಂಗನ ಕಾಯಿಲೆ ಆರೋಗ್ಯ. ಹೊಸದಾಗಿ ಏನನ್ನೂ ಕೇಳುತ್ತಿಲ್ಲ, ಇರುವ ಬಾಕಿ ಕೇಳುತ್ತಿದ್ದೇವೆ.

2021ರ ಜನವರಿ 21ರ ರಾತ್ರಿ ನಾನು ಮರೆಯುವುದಿಲ್ಲ. ಹತ್ತು ಗಂಟೆ ದಾಟಿತ್ತು. ಮನೆ ಗಡಗಡ ಅಂತು, ಕಿಟಕಿ ಗಾಜು ಅದುರಿತು. ಭೂಕಂಪ ಅಂತ ಇಡೀ ಬೀದಿ ಹೊರಗೆ ನಿಂತಿತು. ನಮ್ಮ ಮನೆಯವಳು ಒಳಗೆ ಹೋಗಿ ಟಿವಿ ಹಾಕಿದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, "ಬಂತಾ, ಬಂತಾ" ಅಂತ. ಒಂದು ಚಾನೆಲ್‌ನಲ್ಲಿ ಚರ್ಚೆ ನಡೆಯುತ್ತಿತ್ತು, ಇನ್ನೊಂದರಲ್ಲಿ ಸಂಜೆಯದ್ದೇ ಮತ್ತೆ. ಕೊನೆಗೆ ಹೇಳಿದ್ದು ಹುಣಸೋಡು ಕಡೆ ನೆಂಟರಿರುವ ಪಕ್ಕದ ಮನೆಯ ಹುಡುಗ, ಫೋನಿನಲ್ಲಿ. ಕ್ವಾರಿಯ ಹತ್ತಿರ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಿತ್ತು. ಮರುದಿನ ಎಲ್ಲ ಚಾನೆಲ್‌ಗಳೂ ಬಂದವು, ಅದು ನಿಜ. ಆದರೆ ಆ ರಾತ್ರಿ ಅಷ್ಟು ಜನ ಮಕ್ಕಳನ್ನು ಎತ್ತಿಕೊಂಡು ಚಳಿಯಲ್ಲಿ ರಸ್ತೆಯಲ್ಲಿ ನಿಂತಿದ್ದೆವು.

ಇದಕ್ಕೆ ವಿರೋಧ ಮಾಡುವವರು ಟಿವಿಯನ್ನೇ ಮನೆಯಿಂದ ಹೊರಗೆ ಹಾಕಿ ಎನ್ನುವವರು. ಅವರ ಮಾತನ್ನು ತುಂಬಾ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಮಳೆಗಾಲದಲ್ಲಿ ಯಾವ ತಾಲ್ಲೂಕಿನ ಶಾಲೆಗೆ ರಜೆ, ಯಾವ ಘಾಟಿ ಬಂದ್, ಗಾಜನೂರಿನ ತುಂಗಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಇಷ್ಟನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದರೆ ಬೆಳಗ್ಗೆ ಮಗು ನೆನೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ.

ವಿರೋಧ

ನಮ್ಮನ್ನು ತೋರಿಸುವುದು ಬೇರೆ, ನಮಗೆ ಹೇಳುವುದು ಬೇರೆ

(ಅಡಿಕೆ ಬೆಳೆಗಾರ್ತಿ, ಸಾಗರ ತಾಲ್ಲೂಕು)

ಬೇಡ. ಅರ್ಧ ಗಂಟೆಯೂ ಬೇಡ, ಹತ್ತು ನಿಮಿಷವೂ ಬೇಡ. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಟಿವಿಯವರು ನಮ್ಮ ಅಂಗಳಕ್ಕೆ ಬಂದು ಹೋಗಿದ್ದಾರೆ.

2019ರ ಜನವರಿ. ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಬಂದು ಜನ ಸತ್ತಿದ್ದರು. ನಮ್ಮೂರು ಅಲ್ಲಿಂದ ತುಂಬಾ ದೂರವಲ್ಲ. ಹೆದರಿಕೆ ನಮಗೂ ಇತ್ತು. ಆದರೆ ಈ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ನಮ್ಮ ಅತ್ತೆ ಹುಡುಗಿಯಾಗಿದ್ದಾಗಿಂದ ಕೇಳಿದ ಹೆಸರು. ಮಂಗ ಸತ್ತು ಬಿದ್ದ ಕಡೆ ಹೋಗಬಾರದು, ಉಣುಗು, ಅಂದರೆ ಉಣ್ಣೆ ಹುಳ, ಕಚ್ಚದ ಹಾಗೆ ನೋಡಿಕೊಳ್ಳಬೇಕು, ಬೆಟ್ಟಕ್ಕೆ ಹೋಗಿ ಬಂದರೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಇದೆಲ್ಲ ಮನೆಯಲ್ಲಿ ನಡೆದುಕೊಂಡು ಬಂದದ್ದು.

ಒಂದು ಮಧ್ಯಾಹ್ನ ಕಾರಿನಲ್ಲಿ ಮೂವರು ಬಂದರು. ಬಿಸಿಲಲ್ಲಿ ಬಂದಿದ್ದರು, ಮಜ್ಜಿಗೆ ಕೊಟ್ಟೆ. ಒಳ್ಳೆ ಹುಡುಗರೇ. ಮೈಕ್ ಹಿಡಿದವನು ಕೇಳಿದ, "ಅಕ್ಕಾ, ಇಲ್ಲಿ ಮಂಗ ಎಲ್ಲಿ ಸತ್ತಿದೆ?" ನಮ್ಮ ಕಡೆ ಸತ್ತಿಲ್ಲ ತಮ್ಮಾ ಅಂದೆ. ಅವನ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಅತ್ತೆ ಸೊಪ್ಪಿನ ಹೊರೆ ಹೊತ್ತುಕೊಂಡು ಬೆಟ್ಟದಿಂದ ಇಳಿದರು. ಕ್ಯಾಮೆರಾದವನು ಓಡಿದ. "ಅಜ್ಜಿ, ಇನ್ನೊಂದು ಸಲ ಹತ್ತಿ ಇಳೀರಿ, ಸ್ವಲ್ಪ ನಿಧಾನಕ್ಕೆ." ಎಪ್ಪತ್ತು ದಾಟಿದ ಹೆಂಗಸು. ಹೇಳಿದ್ದಕ್ಕೆ ಮತ್ತೆ ಹತ್ತಿದರು, ಮತ್ತೆ ಇಳಿದರು. ನಿಮಗೆ ಜ್ವರ ಬಂದಿದೆಯಾ ಎಂದು ಕೇಳಿದರು. ಹೋದ ವಾರ ನೆಗಡಿ ಆಗಿತ್ತು ಅಂದರು ಅತ್ತೆ.

ರಾತ್ರಿ ಒಂಬತ್ತಕ್ಕೆ ನಾವೆಲ್ಲ ಜಗಲಿಯಲ್ಲಿ ಕೂತು ನೋಡಿದೆವು. ಕೆಂಪು ಅಕ್ಷರ, ಡಂ ಡಂ ಸದ್ದು. ಎಲ್ಲಿಯದೋ ಸತ್ತ ಮಂಗ, ಅದೇ ಮಂಗ ನಾಲ್ಕೈದು ಸಲ. ಆಮೇಲೆ ನಮ್ಮೂರ ಹೆಸರು. ಆಮೇಲೆ ಅತ್ತೆ ನಿಧಾನಕ್ಕೆ ಇಳಿಯುತ್ತಿರುವುದು. ಕೆಳಗೆ ಬರೆದಿದ್ದರು, ಸಾವಿನ ನೆರಳಲ್ಲಿ ಅಂತೇನೋ. ಅತ್ತೆ ಎದ್ದು ಒಳಗೆ ಹೋದರು. ಆ ರಾತ್ರಿ ಊಟ ಮಾಡಲಿಲ್ಲ.

ಅವರು ಒಂದು ಮಾತು ಹೇಳಬಹುದಿತ್ತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಉಣುಗು ಕಚ್ಚಿದರೆ ಬರುತ್ತದೆ. ಒಂದೇ ಸಾಲು. ಹೇಳಲಿಲ್ಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ ಅಂತಲೂ ಹೇಳಲಿಲ್ಲ.

ಅದಾಗಿ ಐದನೇ ದಿನ ನಮ್ಮ ಮನೆಯಲ್ಲಿ ವರ್ಷದ ಸತ್ಯನಾರಾಯಣ ಪೂಜೆ. ಅರವತ್ತು ಎಲೆಗೆ ಅಡುಗೆ ಮಾಡಿದ್ದೆವು. ಬಂದವರು ಹದಿನಾಲ್ಕು. ಫೋನ್ ಮಾಡಿದರೆ ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಬ್ಯಾಂಕಿನ ಕೆಲಸ. ನನ್ನ ತಂಗಿಯೇ ಬರಲಿಲ್ಲ. "ಮಗು ಇದೆಯಲ್ಲ ಅಕ್ಕಾ, ಟಿವಿಯಲ್ಲಿ ನೋಡಿದೆ" ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಮಗುವನ್ನು ಕರೆತರುತ್ತಿರಲಿಲ್ಲ. ಸಂಜೆ ಪಾಯಸದ ಪಾತ್ರೆಯನ್ನು ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ ದನದ ಬಾನಿಗೆ ಸುರಿದೆ. ಕೈಯಲ್ಲಿ ಏಲಕ್ಕಿ ವಾಸನೆ ರಾತ್ರಿವರೆಗೂ ಇತ್ತು.

ಗೊನೆ ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಹಸಿ ಅಡಿಕೆ ಬೇಗ ಸುಲಿದು ಬೇಯಿಸದಿದ್ದರೆ ಕೆಡುತ್ತದೆ. ಪ್ರತಿ ವರ್ಷ ಬಯಲುಸೀಮೆ ಕಡೆಯಿಂದ ಸುಲಿಯುವವರು ಬರುತ್ತಿದ್ದರು. ಆ ವರ್ಷ ಬರಲಿಲ್ಲ. ನಾನು, ನಮ್ಮನೆಯವರು, ಅತ್ತೆ, ಆಚೆಮನೆಯ ಇಬ್ಬರು ಕೂತು ನಡುರಾತ್ರಿವರೆಗೆ ಸುಲಿದೆವು. ಬೆರಳು ಕಪ್ಪಾಗಿ ಸಿಪ್ಪೆ ಎದ್ದಿತ್ತು. ಆದರೂ ಒಂದಷ್ಟು ಕೆಟ್ಟಿತು. ಈ ನಷ್ಟ ಯಾವ ಟಿಆರ್‌ಪಿ ಲೆಕ್ಕದಲ್ಲೂ ಬರುವುದಿಲ್ಲ.

ಪರವಾಗಿ ಬರೆಯುವವರಿಗೆ ಟಿವಿಯಲ್ಲಿ ನಮ್ಮೂರ ಹೆಸರು ಬಂದರೆ ಸಾಕು. ಬೆಂಗಳೂರಿನವರು ನಮ್ಮನ್ನು ನೋಡಲಿ ಎಂಬ ಆಸೆ. ದಿನಾ ಅರ್ಧ ಗಂಟೆ ಇದ್ದಿದ್ದರೆ ಸಾವಧಾನದಿಂದ ಎಲ್ಲ ಹೇಳುತ್ತಿದ್ದರು, ಉಣುಗಿನ ವಿಷಯವೂ ಬರುತ್ತಿತ್ತು ಎಂದು ಅವರು ಹೇಳಬಹುದು. ನನಗೆ ನಂಬಿಕೆ ಇಲ್ಲ. ದಿನಾ ಅರ್ಧ ಗಂಟೆ ಎಂದರೆ ದಿನಾ ತುಂಬಿಸಬೇಕಾದ ಅರ್ಧ ಗಂಟೆ. ನಮ್ಮ ಊರುಗಳಲ್ಲಿ ದಿನಾ ಏನು ಆಗುತ್ತದೆ? ಹೆಚ್ಚಿನ ದಿನ ಏನೂ ಆಗುವುದಿಲ್ಲ, ಅದೇ ನಮ್ಮ ಸುಖ. ಏನೂ ಆಗದ ದಿನ ಅವರು ಚಿರತೆ ತರುತ್ತಾರೆ, ಕಾಳಿಂಗ ತರುತ್ತಾರೆ, ಪಾಳು ಮನೆಯ ದೆವ್ವ ತರುತ್ತಾರೆ. ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯುವ ಹುಡುಗರು ಪಾಪ ಏನು ಮಾಡಿಯಾರು, ಕಳಿಸದಿದ್ದರೆ ಅವರಿಗೆ ಕಾಸಿಲ್ಲ.

ಅಣೆಕಟ್ಟಿನ ಮಟ್ಟ, ಶಾಲೆಯ ರಜೆ ಎಲ್ಲ ಮೊಬೈಲಿಗೆ ಬರುತ್ತದೆ, ಅದಕ್ಕೆ ಟಿವಿ ಯಾಕೆ? ಅಡಿಕೆ ದರವೂ ಅಷ್ಟೇ, ರಾಶಿ ಜಾತಿಗೆ ಎಷ್ಟು, ಬೆಟ್ಟೆ ಜಾತಿಗೆ ಎಷ್ಟು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಇನ್ನು ಆಷಾಢದಲ್ಲಿ ನಮ್ಮ ಕಡೆ ಟಿವಿ ನೋಡುವವರು ಯಾರು? ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ನಾಲ್ಕು ದಿನ. ಬಂದರೂ ಜೋರು ಮಳೆಗೆ ಡಿಶ್ ಸಿಗ್ನಲ್ ಇಲ್ಲ ಅನ್ನುತ್ತದೆ. ನಮಗೆ ಬೇಕಾದ ಸುದ್ದಿ ಬೇಕಾದ ದಿನವೇ ಅದರಲ್ಲಿ ಬರುವುದಿಲ್ಲ.

ಆ ವರ್ಷ ನಮಗೆ ಕೆಲಸಕ್ಕೆ ಬಂದದ್ದು ಎರಡು. ಒಂದು, ಎಣ್ಣೆ ಬಾಟಲಿ ಹಿಡಿದು ಮನೆಮನೆ ಹತ್ತಿಳಿದ ಆಶಾ ಕಾರ್ಯಕರ್ತೆ. ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬೇಕು ಅಂತ ಅತ್ತೆಯ ಕಾಲಿಗೆ ತಾನೇ ಹಚ್ಚಿ ತೋರಿಸಿದಳು. ಇನ್ನೊಂದು ಭದ್ರಾವತಿ ಆಕಾಶವಾಣಿ. ಡಾಕ್ಟರೊಬ್ಬರು ಜ್ವರ ಬಂದರೆ ಎಷ್ಟನೇ ದಿನ ಎಲ್ಲಿಗೆ ಹೋಗಬೇಕು ಅಂತ ನಿಧಾನಕ್ಕೆ ಹೇಳಿದರು. ಅಡುಗೆ ಮಾಡುತ್ತಾ ಕೇಳಿದೆ. ಡಂ ಡಂ ಸದ್ದಿರಲಿಲ್ಲ. ಸೆಲ್ ಹಾಕಿದ ರೇಡಿಯೋ, ಕರೆಂಟಿನ ಹಂಗೂ ಇಲ್ಲ. ಅರ್ಧ ಗಂಟೆ ಕೇಳುವ ಗಲಾಟೆಯನ್ನು ಆ ರೇಡಿಯೋಗೆ ಇನ್ನಷ್ಟು ಜನ, ಇನ್ನಷ್ಟು ಹೊತ್ತು ಕೊಡಿ ಅಂತ ಮಾಡಿದ್ದರೆ ನಾನೂ ಬಂದು ನಿಲ್ಲುತ್ತಿದ್ದೆ.

ಆ ಮೈಕಿನ ಹುಡುಗ ನನ್ನ ನಂಬರ್ ಇಟ್ಟುಕೊಂಡಿದ್ದಾನೆ. ಹೋದ ಮಳೆಗಾಲ ಮುಗಿದ ಮೇಲೆ ಫೋನ್ ಮಾಡಿದ್ದ. "ಅಕ್ಕಾ, ನಿಮ್ಮ ಕಡೆ ಏನಾದ್ರೂ ಇದ್ಯಾ?" ಅಂದ. ನಾನು ತೋಟದಲ್ಲೇ ನಿಂತಿದ್ದೆ. ತಲೆ ಮೇಲೆ ಎಲೆಚುಕ್ಕಿ ಬಂದು ಅರ್ಧ ಒಣಗಿದ ಅಡಿಕೆ ಗರಿಗಳು. ಮೇಲಿನ ತೋಟದ್ದು ಪೂರ್ತಿ ಹಳದಿ.

"ಏನೂ ಇಲ್ಲ ತಮ್ಮಾ" ಅಂದೆ.