ದಂಡನಾಯಕ ‘ಎರಡು ನಿಮಿಷ’ ಅಂದಾಗ

ಹೊಯ್ಸಳರ ಕಾಲದ ಕಥೆ ಅಂತ ಓದ್ತಾ ಇರ್ತೀವಿ, ದಂಡನಾಯಕ ಕುದುರೆ ಇಳಿದು ‘ಎರಡು ನಿಮಿಷ ತಾಳಿ ಪ್ರಭು’ ಅಂತಾನೆ. ಮುಗೀತು, ನಾನು ಆ ಕಾಲದಿಂದ ಧೊಪ್ಪಂತ ಕೆಳಗೆ. ನಿಮಿಷ ಅಂದ್ರೆ ಆಗ ರೆಪ್ಪೆ ಬಡಿಯೋಷ್ಟು ಹೊತ್ತು ಕಣ್ರೀ, ಲೆಕ್ಕ ಇದ್ದಿದ್ದು ಗಳಿಗೇಲಿ, ತೂತು ಬಟ್ಟಲನ್ನ ನೀರಲ್ಲಿ ತೇಲಿಬಿಟ್ಟು ಅದು ತುಂಬಿ ಮುಳುಗಿದ್ರೆ ಒಂದು ಗಳಿಗೆ, ನಮ್ಮ 24 ನಿಮಿಷ. ಅದೇ ರಾಣಿ ‘ಖುಷಿ’ಯಾಗ್ತಾಳೆ, ಪಾರ್ಸಿ ಪದ! ಅಡುಗೆಯವಳು ಮೆಣಸಿನಕಾಯಿ ಬೇರೆ ಅರೀತಾಳೆ, ಪೋರ್ಚುಗೀಸರು ಇನ್ನೂ ಹಡಗೇ ಹತ್ತಿಲ್ಲ.

ಹಾಗಂತ ಪೂರ್ತಿ ಹಳಗನ್ನಡದಲ್ಲೇ ಬರೀರಿ ಅಂತೀನಾ? ಅಂಥದ್ದೊಂದು ಈಗ ಓದ್ತಾ ಇದೀನಿ. ಮೊದಲ ಮೂವತ್ತು ಪುಟ ಡಿಕ್ಷನರಿ ತೊಡೆ ಮೇಲೆ, ಆಮೇಲೆ ಜೋರಾಗಿ ಓದೋಕೆ ಶುರು ಮಾಡ್ದೆ ನೋಡಿ, ಕಣ್ಣಿಗೆ ಹತ್ತದ್ದು ಕಿವಿಗೆ ಹತ್ತಿತು, ‘ಪಾಲ್’ ಹಾಲಾಯ್ತು ‘ಪುಲಿ’ ಹುಲಿಯಾಯ್ತು. ಗೊತ್ತಿಲ್ಲದ ಪದಕ್ಕಿಂತ ಗೊತ್ತಿರೋ ಪದಾನೇ ಮೋಸ ಮಾಡೋದು. ಒಬ್ಬನ ಬಗ್ಗೆ ‘ಅವಸರ’ ಅಂತಿತ್ತು, ಎಂಥಾ ಆತುರಗೆಟ್ಟವನಪ್ಪಾ ಅಂದ್ಕೊಂಡು ಎರಡು ಪುಟ ಬೈಕೊಂಡೇ ಓದ್ದೆ, ಆಮೇಲೆ ಹೊಳೀತು, ಹಳೇ ಬರಹದಲ್ಲಿ ಅವಸರ ಅಂದ್ರೆ ತಕ್ಕ ಸಮಯ. ಅವನು ಗಡಿಬಿಡಿ ಮಾಡ್ತಿರ್ಲಿಲ್ಲ, ಹೊಂಚು ಹಾಕಿ ಕಾಯ್ತಿದ್ದ! ಇಡೀ ಅಧ್ಯಾಯ ಮತ್ತೆ ಓದ್ದೆ.

ಆದ್ರೂ ಒಂದು ತಕರಾರು. ಆ ಕಾಲದ್ದೇ ಭಾಷೆ ಅಂತೀವಲ್ಲ, ಯಾರ ಭಾಷೆ ಅದು? ಹೆಚ್ಚಾಗಿ ಕೈಗೆ ಸಿಕ್ಕಿರೋದು ಕವಿಗಳ ಕನ್ನಡ, ಶಾಸನದ ಕನ್ನಡ. ಬಾವಿಕಟ್ಟೆ ಜಗಳನ ಯಾರು ಕಲ್ಲಲ್ಲಿ ಕೆತ್ತಿಸ್ತಾರೆ? ಲಾಯದಲ್ಲಿ ಲದ್ದಿ ಬಾಚೋನು ಚಂಪೂ ಕವಿ ಥರ ಮಾತಾಡಿದ್ರೆ ಅದೂ ದಂಡನಾಯಕನ ಎರಡು ನಿಮಿಷದಷ್ಟೇ ಸುಳ್ಳು.

1870ರಲ್ಲಿ ಹುಟ್ಟಿದ ಮುದ್ದಣ ಹಳಗನ್ನಡದಲ್ಲಿ ‘ರಾಮಾಶ್ವಮೇಧ’ ಬರೆದು, ಇದು ಯಾವುದೋ ಹಳೇ ಕಾವ್ಯ ಅಂತಲೇ ಅಚ್ಚಿಗೆ ಕಳಿಸಿದ್ರು, ಆ ಕಿಲಾಡಿತನ ನಂಗಿಷ್ಟ. ಆದ್ರೆ ಅದರಲ್ಲಿ ನಮ್ಮ ನೆನಪಲ್ಲಿ ಉಳಿದಿರೋದು ಕುದುರೆ ಕಥೆ ಅಲ್ಲ, ಗಂಡನ ಸಂಸ್ಕೃತದ ಅಬ್ಬರ ತಡೀಲಾರದೆ, ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯ್ತು ಅಂತ ಕಥೆ ಕೇಳ್ತಾ ಕೂತ ಹೆಂಡತಿ ಮನೋರಮೆ ರೇಗೋದು. ಹಳಗನ್ನಡದಲ್ಲೇ ರೇಗ್ತಾಳೆ, ಆದ್ರೂ ಪಕ್ಕದ ಕೋಣೇಲಿ ಯಾರೋ ಮಾತಾಡಿದ ಹಾಗಿದೆ.

ಪುಸ್ತಕ ಇನ್ನೂ ಅರ್ಧ ಉಳಿದಿದೆ. ನಿನ್ನೆ ಬೆಳಗ್ಗೆ ಮನೇಲಿ ‘ಆಫೀಸಿಗೆ ಹೊರಟ್ಯಾ’ ಅಂದಿದ್ದಕ್ಕೆ, ಹೋಗ್ತೀನಿ ಅನ್ನೋ ಬದಲು ‘ಪೋಪೆಂ’ ಅಂತ ಬಾಯಿಗೆ ಬಂದ್ಬಿಡ್ತು.