ಗುಂಡಿ ಮುಚ್ಚಿದ ನೆಟ್‌ಫ್ಲಿಕ್ಸ್

ನೆಟ್‌ಫ್ಲಿಕ್ಸ್‌ನವರು ಗುಂಡಿ ಮುಚ್ಚಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಜಲ್ಲಿ ಇಲ್ಲ, ಟಾರ್ ಇಲ್ಲ, ಟೆಂಡರೂ ಇಲ್ಲ. ಅಮೆರಿಕದ 'ಸೈನ್‌ಫೆಲ್ಡ್' ಅನ್ನುವ ಹಾಸ್ಯ ಧಾರಾವಾಹಿಯಲ್ಲಿ 'ದ ಪಾಟ್‌ಹೋಲ್' ಅಂತ 1997ರ ಒಂದು ಎಪಿಸೋಡ್ ಇದೆ. ಹೆಸರೇ ಗುಂಡಿ. 2021ರ ಅಕ್ಟೋಬರ್‌ನಲ್ಲಿ ಇವರು ಸೈನ್‌ಫೆಲ್ಡ್ ಹಾಕಿದಾಗ ಹಳೇ ಚೌಕದ ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದಿಸಲು ಮೇಲೊಂದಿಷ್ಟು, ಕೆಳಗೊಂದಿಷ್ಟು ಕತ್ತರಿಸಿದರು. ಗುಂಡಿ ಇದ್ದದ್ದು ಕೆಳಗೆ. ಗುಂಡಿ ಇನ್ನೆಲ್ಲಿರುತ್ತೆ? ಹೋಯಿತು.

ಎಂಥ ತಂತ್ರಜ್ಞಾನ ನೋಡಿ! ನಮ್ಮ ಬೆಂಗಳೂರಿನ ಎಂಜಿನಿಯರುಗಳು ಅಧ್ಯಯನ ಪ್ರವಾಸಕ್ಕೆ ಎಲ್ಲೆಲ್ಲಿಗೋ ಹೋಗುತ್ತಾರೆ, ಒಂದು ಸಲ ಇಲ್ಲಿಗೂ ಹೋಗಿ ಬರಲಿ. ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಬಂತು, ಬೋರ್ಡ್ ಬದಲಾಯಿತು, ಗುಂಡಿ ಮಾತ್ರ ಅಲ್ಲೇ ಇದೆ. ಇನ್ನು ಮೇಲೆ ಫೋಟೊ ತೆಗೆಯುವಾಗ ಕ್ಯಾಮೆರಾ ಸ್ವಲ್ಪ ಮೇಲೆತ್ತಿದರೆ ಸಾಕು, ಬಿಲ್ ಪಾಸ್.

ತಮಾಷೆ ಏನೆಂದರೆ, ಆ ಎಪಿಸೋಡಿನಲ್ಲಿ ಜಾರ್ಜ್ ಅನ್ನುವವನ ಕೀ ಗೊಂಚಲು ಬೀಳುವುದು ಗುಂಡಿಗೆ, ಅವನು ಹುಡುಕಿಕೊಂಡು ಬರುವಷ್ಟರಲ್ಲಿ ಅದರ ಮೇಲೆ ಟಾರ್ ಬಿದ್ದಿರುತ್ತೆ. ನ್ಯೂಯಾರ್ಕಿನವರು ಒಂದು ಸಲ ಮುಚ್ಚಿದ ಗುಂಡಿಯನ್ನು ಇವರು 24 ವರ್ಷದ ಮೇಲೆ ಇನ್ನೊಂದು ಸಲ ಮುಚ್ಚಿದರು. ಇನ್ನೂ ಇದೆ ಕೇಳಿ. ಅದೇ ಎಪಿಸೋಡಿನಲ್ಲಿ ಕ್ರೇಮರ್ ಅನ್ನುವ ಇನ್ನೊಬ್ಬ ಒಂದು ಮೈಲಿ ಹೆದ್ದಾರಿಯನ್ನು ನೋಡಿಕೊಳ್ಳಲು ದತ್ತು ತಗೊಂಡು, ಜನ ಆರಾಮಾಗಿ ಓಡಾಡಲಿ ಅಂತ ಲೇನ್ ಗೆರೆಗಳನ್ನೇ ಅಳಿಸಿ ಲೇನ್ ಅಗಲ ಮಾಡಿಬಿಡುತ್ತಾನೆ. ಆಮೇಲೆ ಗಾಡಿಗಳ ಪಾಡು ಕೇಳಬೇಡಿ. ಅಗಲ ಮಾಡಿದರೆ ಸುಖ ಅಂದುಕೊಂಡವನನ್ನು ನೋಡಿ ನಾವು ನಕ್ಕೆವು. ಇವರು ಅವನನ್ನೇ ಗುರು ಮಾಡಿಕೊಂಡರು.

ಈ ಅಗಲದ ಹುಚ್ಚು ನಮ್ಮಲ್ಲೇನು ಕಮ್ಮಿ ಇಲ್ಲ ಬಿಡಿ. ಡಬ್ಬಾ ಟಿವಿ ಹೋಗಿ ಚಪ್ಪಟೆ ಟಿವಿ ಬಂದ ಹೊಸದರಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಜಗಳ. ಎರಡೂ ಬದಿ ಕಪ್ಪು ಪಟ್ಟಿ ಕಂಡರೆ ಹಿರಿಯರಿಗೆ ಸಮಾಧಾನವಿಲ್ಲ. "ಏನೋ ಇದು, ಅಷ್ಟು ದುಡ್ಡು ಕೊಟ್ಟು ತಂದ್ರೆ ಅರ್ಧ ಟಿವಿ ಕೆಲಸಾನೇ ಮಾಡ್ತಿಲ್ಲ?" ಮೊಮ್ಮಗ ರಿಮೋಟ್ ಒತ್ತಿ ಚಿತ್ರವನ್ನು ಎಳೆದು ಕೂರಿಸುತ್ತಿದ್ದ. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಮತ್ತವರ ಬಳಗ ಒಂದೇ ಏಟಿಗೆ ದಪ್ಪ. 'ಪಾಪ ಪಾಂಡು' ಪಾಂಡುವಿಗೂ ಕೆನ್ನೆ ಬಂತು. ಆದರೂ ನಮ್ಮವರು ಎಳೆದರೇ ಹೊರತು ಯಾರ ತಲೆಯನ್ನೂ ಕತ್ತರಿಸಲಿಲ್ಲ. ಎಲ್ಲರೂ ಒಳಗೇ ಇದ್ದರು, ಸ್ವಲ್ಪ ಊದಿಕೊಂಡು.

ಹೋಗಲಿ, ಕತ್ತರಿಸಿದರೆ ಜೋಕೇ ಹೋಗುತ್ತೆ ಅಂತ ನೆಟ್‌ಫ್ಲಿಕ್ಸ್‌ಗೆ ಗೊತ್ತಿರಲಿಲ್ಲವಾ? ಚೆನ್ನಾಗೇ ಗೊತ್ತಿತ್ತು. 2019ರಲ್ಲಿ ಡಿಸ್ನಿ ಪ್ಲಸ್ 'ದ ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಗೆ ಇದನ್ನೇ ಮಾಡಿ ಜನರಿಂದ ಉಗಿಸಿಕೊಂಡಿತ್ತು. ಬಿಯರ್ ಕಾರ್ಖಾನೆಯಲ್ಲಿ ಮೂರು ಬೇರೆ ಬೇರೆ ಹೆಸರಿನ ಟ್ಯಾಂಕು, ಮೂರಕ್ಕೂ ಮೇಲಿಂದ ಒಂದೇ ಪೈಪು. ಜೋಕ್ ಇರುವುದೇ ಆ ಪೈಪಿನಲ್ಲಿ. ಪೈಪನ್ನೇ ಕತ್ತರಿಸಿದರು. ಮುಂದಿನ ವರ್ಷ ತೆಪ್ಪಗೆ ಹಳೇ ಚೌಕದಲ್ಲೂ ನೋಡುವ ಆಯ್ಕೆ ಕೊಟ್ಟರು. 'ಫ್ರೆಂಡ್ಸ್' ಧಾರಾವಾಹಿಯದು ಉಲ್ಟಾ ಕಥೆ. ಬದಿಗೆ ಅಗಲಿಸಲು ಹೋಗಿ, ಹಳೇ ಟಿವಿಯಲ್ಲಿ ಕಾಣದೇ ಇದ್ದ ಡೂಪ್‌ಗಳು ಕೆಲವು ದೃಶ್ಯಗಳ ಅಂಚಿನಲ್ಲಿ ಪ್ರತ್ಯಕ್ಷ. ಅದರ ಪಾತ್ರ ಮೋನಿಕಾ ಅಂತ ನೋಡಿದರೆ ಇನ್ಯಾರೋ.

ಇವೆಲ್ಲ ಪುಕ್ಕಟೆ ಸಿಕ್ಕ ಸರಕಲ್ಲ. ಐದು ವರ್ಷದ 'ಫ್ರೆಂಡ್ಸ್' ಹಕ್ಕಿಗೆ ಬೇರೆ ಕಂಪನಿ ಕೊಟ್ಟದ್ದು 42.5 ಕೋಟಿ ಡಾಲರ್ ಅಂತ ಸುದ್ದಿಯಾಗಿತ್ತು, ಇನ್ನೊಂದು ಹಾಸ್ಯ ಧಾರಾವಾಹಿ 'ದ ಆಫೀಸ್'ಗೆ ಮತ್ತೊಂದು ಕಂಪನಿಯಿಂದ 50 ಕೋಟಿ. ಹಳೇ ಧಾರಾವಾಹಿಗೆ ಇಷ್ಟೆಲ್ಲ ಸುರಿಯುವ ಕಂಪನಿಗಳವರು, ಜನ ಯಾಕೆ ಇದನ್ನೇ ಮತ್ತೆ ಮತ್ತೆ ನೋಡುತ್ತಾರೆ ಅಂತ ಒಂದು ಗಂಟೆ ಕೂತು ನೋಡಬಾರದಾ? ಇಲ್ಲಿ ಒಬ್ಬ ಹೀರೊ ಇಲ್ಲ. ನಾಲ್ಕೈದು ಜನ ಒಂದೇ ಕೋಣೆಯಲ್ಲಿರುತ್ತಾರೆ. ಒಬ್ಬ ಮಾತಾಡುವಾಗ ಮೂಲೆಯಲ್ಲಿ ಕೂತವನ ಮುಖ ನೋಡಿ ನಗು ಬರುತ್ತೆ. ಕ್ರೇಮರ್ ಬಾಗಿಲು ತಳ್ಳಿಕೊಂಡು ಬರುವುದನ್ನೇ ನೋಡಿ. ನೆಟ್ಟಗೆ ನಿಂತ ಕೂದಲು, ಜಾರುವ ಕಾಲು, ತೂರಾಡುವ ಮೈ. ಅಡಿಯಿಂದ ಮುಡಿವರೆಗೆ ಕಾಣಬೇಕು ಅಂತಲೇ ಒಬ್ಬರು ಕ್ಯಾಮೆರಾ ಇಟ್ಟಿದ್ದರು. ನೆಟ್‌ಫ್ಲಿಕ್ಸ್‌ನವರೇ, ನೀವು ಅಡಿಯನ್ನೂ ಮುಡಿಯನ್ನೂ ತೆಗೆದು ನಡುವನ್ನು ಬಡಿಸುತ್ತಿದ್ದೀರಿ. ಹಾಸ್ಯ ಮಾಡಿ ಮಾಡಿ ಸಾಕಾಗಿದೆ, ನೇರವಾಗೇ ಹೇಳುತ್ತೇನೆ. ಇದು ಅಗೌರವ. ಬರೆದವರಿಗೆ, ಆಡಿದವರಿಗೆ, ತಿಂಗಳು ತಿಂಗಳು ದುಡ್ಡು ಕಟ್ಟುವ ನಮಗೆ.

2024ರ ಕೊನೆಯಲ್ಲಿ ಸೈನ್‌ಫೆಲ್ಡ್‌ನ 4ಕೆ ಡಿಸ್ಕ್ ಬಂತು, ಹಳೇ ಚೌಕದಲ್ಲೇ. ಅಂದರೆ ಮೂಲ ಚಿತ್ರ ಎಲ್ಲೂ ಕಳೆದುಹೋಗಿಲ್ಲ, ಪೂರ್ತಿ ಬೇಕಾದವರಿಗೆ ಬೇರೆ ರೇಟು ಅಷ್ಟೇ. ಡಿಸ್ನಿಯವರಿಗೆ ಸಾಧ್ಯವಾದದ್ದು ನಿಮಗೇನು ಕಷ್ಟ ಸ್ವಾಮಿ? ನಮ್ಮ ರಿಮೋಟಿನಲ್ಲಿ ನಿಮ್ಮ ಹೆಸರಿಗೇ ಒಂದು ಬಟನ್ ಮಾಡಿಸಿಕೊಂಡಿದ್ದೀರಿ, ಹಳೇ ಚೌಕಕ್ಕೂ ಒಂದು ಕೊಡಿ. ಆ ಕಪ್ಪು ಪಟ್ಟಿಗಳನ್ನು ನಾವು ನೋಡಿಕೊಳ್ಳುತ್ತೇವೆ.